ನಾದದ ನಡುವೆ ಕುಳಿತವರು

ಸೃಷ್ಟಿಕರ್ತನು ಕಣ್ಣಿಗೆ ರೆಪ್ಪೆಯನ್ನು ಕೊಟ್ಟ, ಬಾಯಿಗೆ ತುಟಿಯನ್ನು ಕೊಟ್ಟ. ಕಿವಿಗೆ ಮಾತ್ರ ಬಾಗಿಲನ್ನು ಇಡಲಿಲ್ಲ. ಬೇಡದ ನೋಟವನ್ನು ಕಣ್ಣು ಮುಚ್ಚಿ ತಪ್ಪಿಸಿಕೊಳ್ಳಬಹುದು, ಆಡಬಾರದ ಮಾತನ್ನು ತುಟಿ ಬಿಗಿದು ತಡೆಯಬಹುದು. ಬೇಡದ ಸದ್ದನ್ನು ತಡೆಯಬೇಕಾದರೆ ಎರಡು ಕೈಗಳನ್ನೂ ಅದಕ್ಕೇ ಮೀಸಲಿಡಬೇಕು. ನಿದ್ದೆಯಲ್ಲೂ ಕಿವಿ ತೆರೆದೇ ಇರುತ್ತದೆ. ತೊಟ್ಟಿಲಲ್ಲಿ ಮಗು ಮುಲುಗಿದರೆ ತಾಯಿಗೆ ಎಚ್ಚರವಾಗುವುದು ಅದರಿಂದಲೇ. ಇದು ಮನುಷ್ಯನಿಗಾದ ಕೊರತೆಯೋ ಉಪಕಾರವೋ ಎಂಬ ಪ್ರಶ್ನೆ ಹಳೆಯದು. ಅದೇ ಪ್ರಶ್ನೆ ಈಗ ಹೊಸ ವೇಷದಲ್ಲಿ ನಮ್ಮ ಮನೆಗಳ ಹಾಲ್‌ಗೆ ಬಂದು ಕುಳಿತಿದೆ. ಐದಾರು ಸ್ಪೀಕರುಗಳನ್ನು ಸುತ್ತಲೂ ಇರಿಸಿ, ದೀಪ ಸಣ್ಣದು ಮಾಡಿ, ನಡುವೆ ಕುಳಿತು, ಮಂಜಿನಂತೆ ಮೆಲ್ಲನೆ ಆವರಿಸುವ ಸಂಗೀತದಲ್ಲಿ ಮುಳುಗುವ ಹವ್ಯಾಸ ನಮ್ಮ ತರುಣರಲ್ಲಿ ಬೆಳೆಯುತ್ತಿದೆ. ತರುಣರಲ್ಲೇ ಏಕೆ, ನಿವೃತ್ತರಾದ ಹಿರಿಯರಲ್ಲೂ ಇದರ ರುಚಿ ಕಂಡವರಿದ್ದಾರೆ.

ಹೀಗೆ ನಾದವನ್ನು ಹೊದ್ದು ಕೂರುವುದು ನಿಜಕ್ಕೂ ಕೇಳುವಿಕೆಯೇ? ಅಥವಾ ಏನನ್ನೂ ಕೇಳದಿರಲು ಹೂಡಿದ ಒಂದು ಸುಂದರವಾದ ಉಪಾಯವೇ? ಹಾಗೆ ಕೂರುವ ಹಕ್ಕು ನಮಗೆ ಎಷ್ಟರ ಮಟ್ಟಿಗೆ ಇದೆ? ಊರು ಬಿಟ್ಟು ಬಂದು, ಗೋಡೆಗೆ ಗೋಡೆ ತಾಗಿದ ಮನೆಗಳಲ್ಲಿ ಬದುಕು ಕಟ್ಟಿಕೊಂಡ ನಮ್ಮಂಥವರು ಈ ಪ್ರಶ್ನೆಗಳನ್ನು ಒಮ್ಮೆ ಸಾವಧಾನವಾಗಿ ನೋಡುವುದು ಒಳ್ಳೆಯದು.

ಮೊದಲು ನಮ್ಮ ಭಾಷೆಯನ್ನೇ ವಿಚಾರಿಸೋಣ. ‘ಕೇಳು’ ಎಂಬ ನಮ್ಮ ಕ್ರಿಯಾಪದ ಬಹಳ ಅರ್ಥವತ್ತಾದದ್ದು. ನಾವು ಹಾಡನ್ನು ಕೇಳುತ್ತೇವೆ, ಪ್ರಶ್ನೆಯನ್ನು ಕೇಳುತ್ತೇವೆ, ಅಂಗಡಿಯಲ್ಲಿ ಸಾಲವನ್ನೂ ಕೇಳುತ್ತೇವೆ. ‘ಹಿರಿಯರ ಮಾತು ಕೇಳು’ ಎಂದಾಗ ಅದರ ಅರ್ಥ ಹಾಗೆ ನಡೆದುಕೋ ಎಂದು. ಇಷ್ಟಕ್ಕೂ ಒಂದೇ ಪದ. ನಮ್ಮ ಮಕ್ಕಳು ಶಾಲೆಯಲ್ಲಿ ಕಲಿಯುವ ಮರಾಠಿಯಲ್ಲಿ ಹಾಡಿಗೆ ‘ಐಕಣೇ’, ಪ್ರಶ್ನೆಗೆ ‘ವಿಚಾರಣೇ’, ಬೇಡುವುದಕ್ಕೆ ‘ಮಾಗಣೇ’ ಎಂದು ಬೇರೆ ಬೇರೆ ಮಾತುಗಳಿವೆ. ಕನ್ನಡವು ಇವನ್ನೆಲ್ಲ ಒಂದೇ ಗಂಟಿನಲ್ಲಿ ಕಟ್ಟಿಟ್ಟಿದೆ. ಇದು ಭಾಷೆಯ ಬಡತನವೆಂದು ಯಾರಾದರೂ ಹೇಳಿಯಾರು. ನಮಗೆ ಹಾಗೆ ತೋರುವುದಿಲ್ಲ. ಕಿವಿಗೊಟ್ಟವನು ಸುಮ್ಮನೆ ಪಡೆಯುವವನಲ್ಲ. ಅವನಲ್ಲಿ ಒಂದು ಪ್ರಶ್ನೆ ಇರಬೇಕು, ಕೇಳಿದ್ದಕ್ಕೆ ತಕ್ಕಂತೆ ನಡೆಯುವ ಮನಸ್ಸೂ ಇರಬೇಕು ಎಂಬ ತಿಳಿವಳಿಕೆ ಈ ಒಂದು ಪದದೊಳಗೆ ಕುಳಿತಿದೆ. ಈ ಅಳತೆಗೋಲನ್ನು ಕೈಯಲ್ಲಿ ಹಿಡಿದುಕೊಂಡು ಮುಂದೆ ಹೋಗೋಣ.

ಮಾಜಿವಾಡಾದಲ್ಲಿ ಮನೆ ಮಾಡಿದವರಿಗೆ ಸದ್ದಿನ ಮಹಿಮೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮುಂಬಯಿಯಿಂದ ಬರುವ ಈಸ್ಟರ್ನ್ ಎಕ್ಸ್‌ಪ್ರೆಸ್ ಹೆದ್ದಾರಿ ಇಲ್ಲಿಗೆ ಬಂದು ಒಂದು ಕಡೆ ನಾಸಿಕದತ್ತ, ಇನ್ನೊಂದು ಕಡೆ ಘೋಡ್‌ಬಂದರ್ ರಸ್ತೆಯತ್ತ ಕವಲೊಡೆಯುತ್ತದೆ. ಮೇಲೆ ಫ್ಲೈಓವರ್, ಕೆಳಗೆ ನಾಕಾ. ಹಗಲೆಲ್ಲ ಬಸ್ಸು, ರಿಕ್ಷಾ, ಮೋಟಾರು ಸೈಕಲ್ಲುಗಳ ಗಲಾಟೆ. ಇರುಳು ಹತ್ತಾದ ಮೇಲೆ ಭಾರದ ಕಂಟೇನರ್ ಲಾರಿಗಳ ಸರತಿ. ಈಚಿನ ವರ್ಷಗಳಲ್ಲಿ ಮೆಟ್ರೋ ಕಾಮಗಾರಿಯ ಕುಟ್ಟುವಿಕೆಯನ್ನೂ ಕೇಳಿ ಆಗಿದೆ. ಹದಿನೈದನೆಯ ಮಹಡಿಗೆ ಹೋದರೆ ಸದ್ದು ಕಡಿಮೆಯಾದೀತು ಎಂದು ನಂಬಿ ಸಾಲ ಮಾಡಿ ಫ್ಲಾಟ್ ಕೊಂಡವರಿಗೆ, ಸದ್ದು ಮೆಟ್ಟಿಲು ಹತ್ತಲು ಲಿಫ್ಟನ್ನು ಕಾಯುವುದಿಲ್ಲ ಎಂಬುದು ಮೊದಲ ರಾತ್ರಿಯೇ ತಿಳಿಯುತ್ತದೆ. ಇಂಥ ಊರಿನಲ್ಲಿ, ದಿನಕ್ಕೆ ಮೂರು ಗಂಟೆ ಪ್ರಯಾಣದಲ್ಲಿ ಕಳೆದು ಬಂದ ಮನುಷ್ಯ, ತನಗೆ ಬೇಕಾದ ಸದ್ದಿನಿಂದ ಬೇಡದ ಸದ್ದನ್ನು ಮುಚ್ಚಲು ಬಯಸಿದರೆ ಅದನ್ನು ವಿಲಾಸವೆಂದು ಹಳಿಯುವಂತಿಲ್ಲ. ಬಾಗಿಲಿಲ್ಲದ ಕಿವಿಗೆ ಅವನು ಒಂದು ಪರದೆಯನ್ನು ಹಾಕಿಕೊಳ್ಳುತ್ತಿದ್ದಾನೆ, ಅಷ್ಟೆ.

ನಮ್ಮ ಹಿರಿಯರು ಈ ನಗರಕ್ಕೆ ಬಂದಾಗ ಇಂಥ ಪರದೆಯ ಯೋಚನೆಯೇ ಇರಲಿಲ್ಲ. ಗಿರಗಾಂವ, ಪರೇಲದ ಚಾಳುಗಳಲ್ಲಿ ಒಬ್ಬರ ರೇಡಿಯೋ ಎಲ್ಲರ ರೇಡಿಯೋ ಆಗಿತ್ತು. ಬುಧವಾರ ರಾತ್ರಿ ರೇಡಿಯೋ ಸಿಲೋನಿನಲ್ಲಿ ಅಮೀನ್ ಸಯಾನಿಯವರ ‘ಬಿನಾಕಾ ಗೀತಮಾಲಾ’ ಬರುವಾಗ ಗ್ಯಾಲರಿಯ ಈ ತುದಿಯಿಂದ ಆ ತುದಿಗೆ ನಡೆದರೂ ಹಾಡಿನ ಒಂದು ಸಾಲು ತಪ್ಪುತ್ತಿರಲಿಲ್ಲ ಎಂದು ಹಳಬರು ಈಗಲೂ ಹೇಳುತ್ತಾರೆ. ಅದೂ ಒಂದು ಬಗೆಯ ಸುತ್ತುವರಿದ ನಾದವೇ. ಆದರೆ ಅದರ ನಡುವೆ ಒಬ್ಬನೇ ಕುಳಿತಿರಲಿಲ್ಲ, ಇಡೀ ಚಾಳು ಕುಳಿತಿತ್ತು. ಚಾಳಿನ ಬದುಕು ಸ್ವರ್ಗವಾಗಿತ್ತೆಂದು ನಾವು ಹೇಳುತ್ತಿಲ್ಲ. ಪಕ್ಕದ ಖೋಲಿಯ ಜಗಳವೂ ಅದೇ ಗ್ಯಾಲರಿಯಲ್ಲಿ ಹರಿದು ಬರುತ್ತಿತ್ತು, ಪರೀಕ್ಷೆಗೆ ಓದುವ ಹುಡುಗ ಕಂಗಾಲಾಗುತ್ತಿದ್ದ. ಫ್ಲಾಟಿನ ಬಾಗಿಲು ನಮಗೆ ಕೊಟ್ಟ ಏಕಾಂತ ಒಂದು ದೊಡ್ಡ ಲಾಭ. ಆ ಲಾಭದ ಜೊತೆಗೆ ಏನು ಕೈಬಿಟ್ಟುಹೋಯಿತು ಎಂಬುದನ್ನು ಲೆಕ್ಕ ಹಾಕುವುದಷ್ಟೇ ಉಳಿದಿದೆ.

ಈಗ ಯಂತ್ರದ ಮಾತಿಗೆ ಬರೋಣ. ಸದ್ದು ಎಲ್ಲಿಂದ ಬಂತೆಂದು ನಮಗೆ ತಿಳಿಯುವುದು ಕಿವಿಗಳು ಎರಡಿರುವುದರಿಂದ. ಎಡಗಡೆಯ ಸದ್ದು ಎಡಗಿವಿಯನ್ನು ಮೊದಲು ಮುಟ್ಟುತ್ತದೆ, ಬಲಗಿವಿಯನ್ನು ಆಮೇಲೆ. ಈ ಅಂತರ ಸೆಕೆಂಡಿನ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ; ಆದರೂ ಮೆದುಳು ಅದನ್ನು ಹಿಡಿದು ದಿಕ್ಕನ್ನು ಲೆಕ್ಕ ಹಾಕುತ್ತದೆ. ಇಂಗ್ಲೆಂಡಿನ ಆಲನ್ ಬ್ಲಮ್‌ಲೈನ್ ಎಂಬ ತಂತ್ರಜ್ಞರು 1931ರಲ್ಲಿ ಸ್ಟೀರಿಯೋ ಧ್ವನಿಗೆ ಪೇಟೆಂಟ್ ಕೋರಿ ಅರ್ಜಿ ಹಾಕಿದ್ದು ಈ ಗುಟ್ಟನ್ನು ಬಳಸಿಕೊಂಡೇ. 1940ರಲ್ಲಿ ವಾಲ್ಟ್ ಡಿಸ್ನಿಯವರ ‘ಫ್ಯಾಂಟೇಸಿಯಾ’ ಚಿತ್ರಕ್ಕಾಗಿ ಸಭಾಂಗಣದ ಸುತ್ತಲಿಂದಲೂ ಧ್ವನಿ ಬರುವ ವ್ಯವಸ್ಥೆ ಮಾಡಿದರು. ಖರ್ಚು ವಿಪರೀತವಾಗಿ ಕೆಲವೇ ಥಿಯೇಟರುಗಳಿಗೆ ಅದು ಸೀಮಿತವಾಯಿತು. 1970ರ ದಶಕದಲ್ಲಿ ಮನೆಗೇ ನಾಲ್ಕು ಸ್ಪೀಕರುಗಳ ‘ಕ್ವಾಡ್ರಫೋನಿಕ್’ ಪದ್ಧತಿ ಬಂತು. ಒಂದು ಕಂಪೆನಿಯ ರೆಕಾರ್ಡು ಇನ್ನೊಂದು ಕಂಪೆನಿಯ ಯಂತ್ರಕ್ಕೆ ಹೊಂದದೆ ಅದು ಬೇಗನೆ ಮೂಲೆಗೆ ಸೇರಿತು. ನಮ್ಮಲ್ಲಿ ಈ ಬಗೆಯ ಧ್ವನಿಯ ಬೆರಗನ್ನು ಜನಸಾಮಾನ್ಯರಿಗೆ ತೋರಿಸಿದ್ದು 1975ರ ಆಗಸ್ಟ್ 15ರಂದು ಬಿಡುಗಡೆಯಾದ ‘ಶೋಲೆ’. ಅದರ ಬಂಡೆಗಳು ನಮ್ಮ ರಾಮನಗರದವು. ಅದರ 70 ಎಂ.ಎಂ. ಚಿತ್ರವನ್ನೂ ಸ್ಟೀರಿಯೋಫೋನಿಕ್ ಧ್ವನಿಯನ್ನೂ ಮುಂಬಯಿಯ ಜನ ಅನುಭವಿಸಿದ್ದು ಮಿನರ್ವಾ ಥಿಯೇಟರಿನಲ್ಲಿ. 1992ರಿಂದ ಸಿನೆಮಾಗಳಲ್ಲಿ, ಆಮೇಲೆ ಮನೆಗಳಲ್ಲಿ ‘5.1’ ಎಂಬ ಲೆಕ್ಕ ಬಳಕೆಗೆ ಬಂತು: ಮುಂದೆ ಮೂರು, ಹಿಂಬದಿಯ ಎರಡು ಪಕ್ಕಗಳಲ್ಲಿ ಒಂದೊಂದು, ಮಂದ್ರದ ಗುಡುಗಿಗೆ ಮತ್ತೊಂದು. 2012ರಲ್ಲಿ ಬಂದ ‘ಡಾಲ್ಬಿ ಅಟ್ಮೋಸ್’ ತಲೆಯ ಮೇಲಿನಿಂದಲೂ ಧ್ವನಿಯನ್ನು ಇಳಿಸಿತು. ಈಚೆಗೆ ಅದೇ ಭ್ರಮೆಯನ್ನು ಕಿವಿಗೆ ಸಿಕ್ಕಿಸಿಕೊಳ್ಳುವ ಚಿಕ್ಕ ಇಯರ್‌ಫೋನುಗಳೂ ಕೊಡತೊಡಗಿವೆ.

ಈ ವ್ಯವಸ್ಥೆಯಲ್ಲಿ ಒಂದು ಸಂಗತಿಯನ್ನು ಓದುಗರು ಗಮನಿಸಬೇಕು. ಸ್ಪೀಕರುಗಳನ್ನು ಎಲ್ಲಿಡಬೇಕು, ಎಷ್ಟು ಕೋನದಲ್ಲಿಡಬೇಕು ಎಂಬುದಕ್ಕೆ ಅಂತಾರಾಷ್ಟ್ರೀಯ ಶಿಫಾರಸುಗಳೇ ಇವೆ: ಮುಂದಿನ ಎಡಬಲದವು 30 ಡಿಗ್ರಿಗೆ, ಹಿಂಬದಿಯವು ಸುಮಾರು 110 ಡಿಗ್ರಿಗೆ. ಈ ಲೆಕ್ಕವೆಲ್ಲ ಒಂದೇ ಒಂದು ಕುರ್ಚಿಯನ್ನು ಉದ್ದೇಶಿಸಿದ್ದು. ಆ ಕುರ್ಚಿಯಲ್ಲಿ ಕುಳಿತವನಿಗೆ ಎಲ್ಲವೂ ಸರಿಯಾದ ದಿಕ್ಕಿನಿಂದ ಬರುತ್ತದೆ. ಎರಡಡಿ ಪಕ್ಕಕ್ಕೆ ಸರಿದ ಹೆಂಡತಿಗೆ ಒಂದೇ ಸ್ಪೀಕರು ಜೋರಾಗಿ ಕೇಳುತ್ತದೆ; ಬಾಗಿಲ ಬಳಿಯ ಮಂಚದ ಮೇಲೆ ಕುಳಿತ ಅಜ್ಜಿಗೆ ಬರೀ ಗೊಂದಲ. ಹೀಗೆ ಈ ಯಂತ್ರವು ತನ್ನ ಸ್ವಭಾವದಿಂದಲೇ ಮನೆಯಲ್ಲಿ ಒಂದು ಸಿಂಹಾಸನವನ್ನು ನಿರ್ಮಿಸುತ್ತದೆ. ಅದರ ಮೇಲೆ ಕುಳಿತವನಿಗೆ ಜಗತ್ತೆಲ್ಲ ತನ್ನ ಸುತ್ತಲೇ ಏರ್ಪಟ್ಟಿದೆ ಎನ್ನಿಸುತ್ತದೆ. ಗಾಯಕಿ ತನ್ನ ಎದುರಿಗೆ, ವಾದ್ಯಗಳು ತನ್ನ ಎಡಬಲಕ್ಕೆ, ಪ್ರತಿಧ್ವನಿ ತನ್ನ ಬೆನ್ನಿಗೆ. ಒಂದು ಗಂಟೆಯ ಮಟ್ಟಿಗೆ ಈ ಭ್ರಮೆ ಸುಖಕರ. ಎದ್ದ ಮೇಲೂ ಅದು ತಲೆಯಲ್ಲಿ ಉಳಿದರೆ ತೊಂದರೆ.

ಈ ಯಂತ್ರದಲ್ಲಿ ಇಂದು ಹಲವರು ಕೇಳಲು ಇಷ್ಟಪಡುವ ‘ಆಂಬಿಯೆಂಟ್’ ಸಂಗೀತದ ಹುಟ್ಟು ಮಾತ್ರ ಇದಕ್ಕೆ ತೀರ ವಿರುದ್ಧವಾದ ಮನೋಧರ್ಮದಿಂದ ಆದದ್ದು. ಫ್ರಾನ್ಸಿನ ಎರಿಕ್ ಸಾಟಿ ಎಂಬ ಸಂಗೀತ ರಚನಕಾರ ‘ಪೀಠೋಪಕರಣ ಸಂಗೀತ’ ಎಂದು ಹೆಸರಿಟ್ಟು, ಮೇಜು ಕುರ್ಚಿಗಳಂತೆ ಕೋಣೆಯಲ್ಲಿ ಸುಮ್ಮನೆ ಇರಬೇಕಾದ ಸಂಗೀತವನ್ನು ಬರೆದ. 1920ರಲ್ಲಿ ಪ್ಯಾರಿಸ್ಸಿನಲ್ಲಿ ನಾಟಕದ ವಿರಾಮದ ವೇಳೆ ಅದನ್ನು ನುಡಿಸಿದಾಗ ಜನ ಮಾತು ನಿಲ್ಲಿಸಿ ಭಕ್ತಿಯಿಂದ ಕೇಳತೊಡಗಿದರಂತೆ. ‘ಮಾತಾಡಿ, ಓಡಾಡಿ, ಕೇಳಬೇಡಿ’ ಎಂದು ಸಾಟಿಯೇ ಅವರನ್ನು ಬೇಡಿಕೊಳ್ಳಬೇಕಾಯಿತು. ಐವತ್ತೈದು ವರ್ಷಗಳ ಮೇಲೆ, 1975ರ ಜನವರಿಯಲ್ಲಿ, ಬ್ರಯನ್ ಈನೋ ಎಂಬ ಇಂಗ್ಲಿಷ್ ಸಂಗೀತಗಾರ ಅಪಘಾತವಾಗಿ ಹಾಸಿಗೆ ಹಿಡಿದಿದ್ದ. ನೋಡಲು ಬಂದ ಗೆಳತಿ ಹಾರ್ಪ್ ವಾದನದ ರೆಕಾರ್ಡೊಂದನ್ನು ತಂದುಕೊಟ್ಟಳು. ಆಕೆ ಹೋದ ಮೇಲೆ ಕಷ್ಟದಿಂದ ಎದ್ದು ಅದನ್ನು ಹಾಕಿ ಮತ್ತೆ ಮಲಗಿದ. ಮಲಗಿದ ಮೇಲೆ ಗೊತ್ತಾಯಿತು, ಧ್ವನಿ ತೀರ ಸಣ್ಣದಾಗಿದೆ, ಎರಡರಲ್ಲಿ ಒಂದು ಕಡೆಯ ಧ್ವನಿ ಕೆಟ್ಟೇ ಹೋಗಿದೆ. ಎದ್ದು ಸರಿಪಡಿಸುವ ಶಕ್ತಿ ಇರಲಿಲ್ಲ. ಹಾಗೇ ಮಲಗಿದ್ದಾಗ, ಮಳೆಯ ಸದ್ದಿನಂತೆ, ಕೋಣೆಯ ಬೆಳಕಿನಂತೆ ಸಂಗೀತವೂ ಪರಿಸರದ ಒಂದು ಭಾಗವಾಗಬಲ್ಲುದು ಎಂಬುದು ಅವನಿಗೆ ಹೊಳೆಯಿತು. 1978ರಲ್ಲಿ ವಿಮಾನ ನಿಲ್ದಾಣಗಳಿಗೆಂದು ಮಾಡಿದ ಧ್ವನಿಮುದ್ರಿಕೆಯ ಟಿಪ್ಪಣಿಯಲ್ಲಿ ಅವನು ಈ ಬಗೆಗೆ ‘ಆಂಬಿಯೆಂಟ್’ ಎಂಬ ಹೆಸರನ್ನು ವಿವರಿಸಿದ. ಗಮನ ಕೊಟ್ಟರೂ ಸರಿ, ಕೊಡದಿದ್ದರೂ ಸರಿ, ಎರಡಕ್ಕೂ ಒದಗಬೇಕು ಎಂಬುದು ಅವನ ಅಭಿಪ್ರಾಯದ ತಾತ್ಪರ್ಯ.

ಈ ಕಥೆಯ ಸ್ವಾರಸ್ಯವೆಂದರೆ, ಆ ಸಂಗೀತ ಹುಟ್ಟಿದ್ದು ಕೆಟ್ಟ ಸ್ಪೀಕರಿನಿಂದ. ಮಳೆಯನ್ನು ಮುಚ್ಚಿಹಾಕಲಾರದಷ್ಟು ಸಣ್ಣ ಧ್ವನಿಯಿಂದ. ಕಿಟಕಿಯನ್ನು ತೆರೆದಿಡುವುದೇ ಅದರ ಧರ್ಮ. ಸುತ್ತಲೂ ಸ್ಪೀಕರಿಡುವ ಯಂತ್ರದ ಧರ್ಮವಾದರೋ ಕಿಟಕಿಯನ್ನು ಮುಚ್ಚುವುದು. ಒಂದು ‘ನಾನು ಪಕ್ಕಕ್ಕೆ ಸರಿದಿರುತ್ತೇನೆ’ ಎನ್ನುತ್ತದೆ, ಇನ್ನೊಂದು ‘ನನ್ನ ಹೊರತು ಬೇರೇನೂ ಬೇಡ’ ಎನ್ನುತ್ತದೆ. ಈ ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸಿದಾಗ ಯಾರ ಮಾತು ನಡೆಯಬೇಕು? ಅದನ್ನು ತೀರ್ಮಾನಿಸುವವರು ತಯಾರಕರಲ್ಲ. ಗುಂಡಿಯ ಮೇಲೆ ಬೆರಳಿಟ್ಟಿರುವ ನಾವೇ.

ಒಂದು ಉದಾಹರಣೆಯನ್ನು ನೋಡೋಣ. ಈನೋ ಹಿಂದೆ ಇದ್ದು 1973ರಲ್ಲಿ ಬಿಟ್ಟಿದ್ದ ‘ರಾಕ್ಸಿ ಮ್ಯೂಸಿಕ್’ ಎಂಬ ಇಂಗ್ಲಿಷ್ ತಂಡ 1982ರಲ್ಲಿ ‘ಅವಲಾನ್’ ಎಂಬ ಧ್ವನಿಮುದ್ರಿಕೆಯನ್ನು ಹೊರತಂದಿತು. ಅದೇ ಅವರ ಕೊನೆಯ ಹೊಸ ಧ್ವನಿಮುದ್ರಿಕೆಯೂ ಆಯಿತು. ಹಾಡುಗಳೇನೋ ಜನಪ್ರಿಯ ಧಾಟಿಯವು. ಆದರೆ ಪದಗಳಿಗಿಂತ ವಾತಾವರಣಕ್ಕೇ ಅಲ್ಲಿ ಹೆಚ್ಚು ಮಹತ್ವ. ಬ್ರಯನ್ ಫೆರಿಯ ಕಂಠ ಪಿಸುಮಾತಿಗೆ ಹತ್ತಿರ. ವಾದ್ಯಗಳ ಸುತ್ತ ಸಂಜೆಯ ಮಬ್ಬಿನಂಥ ಒಂದು ಪ್ರತಿಧ್ವನಿ. ‘ಇಂಡಿಯಾ’ ಎಂಬ ಹೆಸರಿನ, ಮಾತಿಲ್ಲದ, ಎರಡು ನಿಮಿಷವೂ ಇಲ್ಲದ ಒಂದು ತುಣುಕು ಕೂಡ ಅದರಲ್ಲಿದೆ. ಅದರಲ್ಲಿ ಇಂಡಿಯಾವನ್ನು ಹುಡುಕುವವರಿಗೆ ತಾಳ್ಮೆ ಬೇಕು! 2003ರಲ್ಲಿ ಇದೇ ಧ್ವನಿಮುದ್ರಿಕೆ ಐದು ದಿಕ್ಕಿನ ಧ್ವನಿಗೆ ಹೊಂದುವಂತೆ ಮತ್ತೆ ಬಂತು. ಮೊದಲ ಸಲ ಧ್ವನಿಗಳನ್ನು ಹದವಾಗಿ ಬೆರೆಸಿದ್ದ ಬಾಬ್ ಕ್ಲಿಯರ್‌ಮೌಂಟನ್ ಅವರೇ ಇದನ್ನೂ ಸಿದ್ಧಪಡಿಸಿದರು. ಹೀಗೆ ಕೇಳಿದಾಗ ಆಗುವ ಅನುಭವವನ್ನು ಅಲ್ಲಗಳೆಯುವಂತಿಲ್ಲ. ಎರಡು ಸ್ಪೀಕರುಗಳಲ್ಲಿ ಚಿತ್ರಪಟದಂತೆ ಎದುರಿಗೆ ನಿಂತಿದ್ದ ಸಂಗೀತ, ಐದರಲ್ಲಿ ಒಂದು ಕೋಣೆಯಾಗುತ್ತದೆ. ಅದರೊಳಗೆ ನಾವು ನಡೆದು ಹೋದಂತೆ ಅನ್ನಿಸುತ್ತದೆ. ಒಂದರ ಮೇಲೊಂದು ಒತ್ತಿಕೊಂಡಿದ್ದ ಧ್ವನಿಗಳಿಗೆ ಜಾಗ ಸಿಕ್ಕಿ, ಈವರೆಗೆ ಕೇಳಿಸದಿದ್ದ ಸಣ್ಣ ನಾದವೂ ಕೇಳಿಸುತ್ತದೆ. ಕಿವಿಯನ್ನು ಸೂಕ್ಷ್ಮಗೊಳಿಸುವ ಈ ಗುಣಕ್ಕೆ ನಾವು ಕೃತಜ್ಞರಾಗಿರಬೇಕು.

ಆದರೆ ‘ಅವಲಾನ್’ ಹಾಡಿನ ಕೊನೆಗೆ ಆಕಾಶಕ್ಕೆ ಏರುವ ಒಂದು ಹೆಣ್ಣು ಧ್ವನಿ ಇದೆಯಲ್ಲ, ಅದು ಅಲ್ಲಿಗೆ ಬಂದ ಬಗೆಯನ್ನು ನಿರ್ಮಾಪಕ ರೆಟ್ ಡೇವಿಸ್ ಅವರೇ ಹೇಳಿದ್ದಾರೆ. ನ್ಯೂಯಾರ್ಕಿನ ಪವರ್ ಸ್ಟೇಶನ್ ಸ್ಟುಡಿಯೋದಲ್ಲಿ ಆ ಹಾಡಿನ ಕೆಲಸ ನಡೆದಿತ್ತು. ಭಾನುವಾರ ಸ್ಟುಡಿಯೋ ಶಾಂತವಾಗಿರುತ್ತಿದ್ದುದರಿಂದ ಸಣ್ಣಪುಟ್ಟ ತಂಡಗಳಿಗೆ ತಮ್ಮ ಹಾಡುಗಳನ್ನು ಮುದ್ರಿಸಿಕೊಳ್ಳಲು ಅವಕಾಶ ಕೊಡುತ್ತಿದ್ದರು. ಫೆರಿ ಮತ್ತು ನಿರ್ಮಾಪಕ ರೆಟ್ ಡೇವಿಸ್ ಕಾಫಿಗೆಂದು ಹೊರಗೆ ಬಂದಾಗ ಪಕ್ಕದ ಕೋಣೆಯಿಂದ ಒಬ್ಬಾಕೆ ಹಾಡುವುದು ಕೇಳಿಸಿತು. ಆಕೆ ಹೈಟಿ ದೇಶದ ತಂಡವೊಂದರ ಜೊತೆ ಬಂದಿದ್ದ ಯಾನಿಕ್ ಎತಿಯೆನ್. ಆಕೆಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಜೊತೆಗಾರನೊಬ್ಬ ದುಭಾಷಿಯಾಗಿ ನಿಂತ. ಇಂದು ಜಗತ್ತಿನ ಅಷ್ಟೊಂದು ಜನ ಕಣ್ಣು ಮುಚ್ಚಿ ತಲ್ಲೀನರಾಗಿ ಕೇಳುವ ಧ್ವನಿ ಅದೇ.

ಪರಭಾಷೆಯ ನಗರಕ್ಕೆ ಬಂದು, ಯಾರಾದರೂ ತನ್ನನ್ನು ಕೇಳಿಸಿಕೊಂಡಾರೆಯೇ ಎಂದು ಕಾದ ಅನುಭವ ನಮ್ಮ ಎಷ್ಟೋ ಮನೆಗಳಿಗೆ ಹೊಸದಲ್ಲ. ಆ ಭಾನುವಾರ ಫೆರಿ ಮತ್ತು ಡೇವಿಸ್ ತಮ್ಮ ಸಂಗೀತದೊಳಗೇ ಮುಳುಗಿ ಕುಳಿತಿದ್ದರೆ, ಪಕ್ಕದ ಕೋಣೆಯಿಂದ ಬಂದದ್ದನ್ನು ‘ಅಡಚಣೆ’ ಎಂದು ಬಾಗಿಲು ಹಾಕಿಸಿದ್ದರೆ, ಆ ಧ್ವನಿ ಅಲ್ಲೇ ಉಳಿಯುತ್ತಿತ್ತು. ನಮ್ಮನ್ನು ಆವರಿಸಿ ಸುಖ ಕೊಡುವ ಈ ಸಂಗೀತ ತಾನೇ ಪೂರ್ಣವಾದದ್ದು ಆವರಣದ ಹೊರಗಿನಿಂದ ಬಂದದ್ದಕ್ಕೆ ಕಿವಿಗೊಟ್ಟಿದ್ದರಿಂದ. ಕಲಾವಿದರು ಬಾಗಿಲಾಚೆಗೆ ಕೇಳಿಸಿಕೊಂಡು ಮಾಡಿದ್ದನ್ನು, ಶ್ರೋತೃಗಳಾದ ನಾವು ಬಾಗಿಲಾಚೆಗೆ ಏನೂ ಕೇಳಿಸದಂತೆ ಅನುಭವಿಸುವುದು ಎಂಥ ವಿಪರ್ಯಾಸ!

‘ನಮ್ಮ ಮನೆ, ನಮ್ಮ ದುಡ್ಡು, ನಮ್ಮ ಸಂಗೀತ, ಇದರಲ್ಲಿ ನೀತಿಯ ಪ್ರಶ್ನೆ ಎಲ್ಲಿ ಬಂತು?’ ಎಂದು ಕೇಳುವವರಿದ್ದಾರೆ. ಅವರ ಮಾತಿಗೂ ಬೆಲೆ ಕೊಡಬೇಕು. ಆದರೆ ಗೋಡೆಯ ಸ್ವಭಾವವನ್ನು ಅವರು ಗಮನಿಸಿದಂತಿಲ್ಲ. ಮೇಲಿನ ಸ್ಥಾಯಿಯ ಧ್ವನಿಯನ್ನು ಗೋಡೆ ಬಹುಮಟ್ಟಿಗೆ ತಡೆಯುತ್ತದೆ. ಮಂದ್ರವನ್ನು ಅಷ್ಟಾಗಿ ತಡೆಯಲಾರದು. ಸೆಕೆಂಡಿಗೆ ನಲವತ್ತು ಸಲ ಕಂಪಿಸುವ ಧ್ವನಿಯ ಒಂದು ಅಲೆ ಸುಮಾರು ಎಂಟೂವರೆ ಮೀಟರ್ ಉದ್ದ, ನಮ್ಮ ಹಾಲ್‌ಗಿಂತಲೂ ದೊಡ್ಡದು. ಅದು ಗೋಡೆಯನ್ನೇ ನಡುಗಿಸಿ ಆಚೆಗೆ ದಾಟುತ್ತದೆ. ಆದ್ದರಿಂದ ಹಂಚಿಕೆ ಹೀಗಾಗುತ್ತದೆ: ರಾಗವೆಲ್ಲ ನಮಗೆ, ಗುದ್ದೆಲ್ಲ ನೆರೆಯವರಿಗೆ. ಹಣ್ಣು ತಿಂದು ಸಿಪ್ಪೆಯನ್ನು ಪಕ್ಕದ ಮನೆಯ ಅಂಗಳಕ್ಕೆ ಎಸೆಯುವುದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಕಾನೂನು ಇದನ್ನು ಗುರುತಿಸದೆ ಇಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45 ಡೆಸಿಬೆಲ್ ಮಿತಿ. ಖಾಸಗಿ ಜಾಗದ ಧ್ವನಿ ವ್ಯವಸ್ಥೆಯ ಸದ್ದು ಆ ಜಾಗದ ಗಡಿಯಲ್ಲಿ ಈ ಮಿತಿಯನ್ನು 5 ಡೆಸಿಬೆಲ್‌ಗಿಂತ ಹೆಚ್ಚಾಗಿ ಮೀರುವಂತಿಲ್ಲ. ತಮಾಷೆಯೆಂದರೆ ಈ ನಿಯಮಗಳ ಇಂಗ್ಲಿಷ್ ಪಾಠದಲ್ಲೂ ‘ಆಂಬಿಯೆಂಟ್’ ಎಂಬ ಅದೇ ಪದವಿದೆ. ಸಂಗೀತದ ಅಂಗಡಿಯಲ್ಲಿ ಅದರ ಅರ್ಥ ನನ್ನ ಸುತ್ತ ಇರುವುದು. ಕಾನೂನಿನಲ್ಲಿ ಎಲ್ಲರ ಸುತ್ತ ಇರುವುದು. ಹೆದ್ದಾರಿಯ ಬದಿಯಲ್ಲಿ ಈ ಅಂಕಿಗಳು ಪಾಲನೆಯಾಗುವುದು ಎಷ್ಟು ಅಪರೂಪವೆಂದು ಎಲ್ಲರಿಗೂ ಗೊತ್ತು. ‘ರಸ್ತೆಯೇ ಇಷ್ಟು ಕಿರುಚುವಾಗ ನನ್ನದೇನು ಲೆಕ್ಕ?’ ಎಂಬ ವಾದ ಹುಟ್ಟುವುದೂ ಇಲ್ಲಿಂದಲೇ. ರಸ್ತೆಗೆ ನೆರೆಯವರಿಲ್ಲ, ನಮಗೆ ಇದ್ದಾರೆ. ಅದೇ ಅದಕ್ಕೆ ಉತ್ತರ.

ಡೆಸಿಬೆಲ್ಲಿನ ಲೆಕ್ಕ ಸರಿಯಾಗಿದ್ದರೂ ಪ್ರಶ್ನೆ ಮುಗಿಯುವುದಿಲ್ಲ. ನಾವು ಹೊರಗೆ ಬಿಡುವ ಸದ್ದಿಗಷ್ಟೇ ಅಲ್ಲ, ಒಳಗೆ ಬಿಡದಿರುವ ಸದ್ದಿಗೂ ನಾವು ಉತ್ತರವಾದಿಗಳು. ಊರಿನಲ್ಲಿ ಯಾರಾದರೂ ಕರೆದರೆ ‘ಓ’ ಎನ್ನುವುದು ರೂಢಿ. ಅದಕ್ಕೆ ನಾವು ಓಗೊಡುವುದು ಎನ್ನುತ್ತೇವೆ. ಕೆಲಸ ಬಿಟ್ಟು ಓಡಿ ಬರಬೇಕೆಂದಿಲ್ಲ. ಕೇಳಿಸಿತು, ಇದ್ದೇನೆ ಎಂದು ತಿಳಿಸಿದರೆ ಸಾಕು. ಕೇಳುವಿಕೆಯ ಕನಿಷ್ಠ ಕರ್ತವ್ಯ ಅದು. ಈಗ ನಮ್ಮ ಮನೆಗಳಲ್ಲಿ ಅಡುಗೆಮನೆಯಿಂದ ತಾಯಿ ನಾಲ್ಕು ಸಲ ಕರೆದರೂ ಮಗಳಿಂದ ‘ಓ’ ಬರುವುದಿಲ್ಲ. ಅವಳು ಕೆಟ್ಟವಳಲ್ಲ, ಅವಳ ಕಿವಿಯಲ್ಲಿ ಇಡೀ ಒಂದು ಸಮುದ್ರವಿದೆ. ಕೊನೆಗೆ ತಾಯಿ ಕರೆಯುವುದನ್ನೇ ಬಿಡುತ್ತಾಳೆ. ಪಕ್ಕದ ಕೋಣೆಗೆ ಫೋನಿನಲ್ಲಿ ಸಂದೇಶ ಕಳಿಸುತ್ತಾಳೆ. ಇದು ನಗುವ ಸಂಗತಿಯಂತೆ ಕಾಣುತ್ತದೆ. ಆದರೆ ಮಕ್ಕಳಿಗೆ ಕನ್ನಡ ಉಳಿಯಬೇಕೆಂದು ಸಂಘಗಳಲ್ಲಿ ಭಾಷಣ ಮಾಡುವ ನಾವು, ಮನೆಯಲ್ಲಿ ಆ ಭಾಷೆ ಗಾಳಿಯಲ್ಲಿ ತಾನಾಗಿ ಹರಿದು ಕಿವಿಗೆ ಬೀಳುವ ದಾರಿಯೇ ಮುಚ್ಚುತ್ತಿರುವುದನ್ನು ಯೋಚಿಸಿದ್ದೇವೆಯೇ? ಅಜ್ಜಿ ಊರಿಗೆ ಫೋನು ಮಾಡಿ ಆಡುವ ಮಾತು, ಪಾತ್ರೆ ತೊಳೆಯುತ್ತ ಗುನುಗುವ ಹಾಡು, ಬೈಗುಳ, ಗಾದೆ, ಇವೇ ಮಗುವಿಗೆ ಸಿಗುವ ಮೊದಲ ಸುತ್ತುವರಿದ ಧ್ವನಿ. ಅದನ್ನು ಯಾವ ಕಂಪೆನಿಯೂ ಮುದ್ರಿಸಿ ಮಾರುವುದಿಲ್ಲ.

ನೆರೆಮನೆಯ ವಿಷಯದಲ್ಲಿ ಇದು ಇನ್ನೂ ಗಂಭೀರ. ಊರಿನಲ್ಲಿ ಅಣ್ಣತಮ್ಮಂದಿರು ಇದ್ದವರಿಗೆ ಇಲ್ಲಿ ಯಾರಿದ್ದಾರೆ? ಉಡುಪಿಯಿಂದಲೋ ವಿಜಯಪುರದಿಂದಲೋ ಹೊರಟ ನೆಂಟರು ಬಂದು ಮುಟ್ಟುವುದು ಮರುದಿನ. ಗೋಡೆಯಾಚೆಯವರು ಬರುವುದು ಮರುನಿಮಿಷ. ಅವರು ಮರಾಠಿಗರಿರಬಹುದು, ಗುಜರಾತಿಗಳಿರಬಹುದು, ನಮ್ಮವರೇ ಇರಬಹುದು. ಮಕ್ಕಳು ಪರದೇಶದಲ್ಲಿದ್ದು ವೃದ್ಧ ದಂಪತಿ ಇಬ್ಬರೇ ಇರುವ ಫ್ಲಾಟುಗಳು ಇಂದು ಯಾವ ಕಟ್ಟಡದಲ್ಲಿ ಇಲ್ಲ? ಬಚ್ಚಲಲ್ಲಿ ಜಾರಿ ಬಿದ್ದವರ ಕೂಗು ಗೋಡೆಯನ್ನು ದಾಟಿ ಬರುವಷ್ಟು ಜೋರಾಗಿರುವುದಿಲ್ಲ. ಅದು ಕೇಳಿಸಬೇಕಾದರೆ ಈಚೆಯ ಮನೆಯಲ್ಲಿ ಸ್ವಲ್ಪ ಮೌನ ಇರಬೇಕು. ಚಾಳಿನ ಗ್ಯಾಲರಿಯಲ್ಲಿ ಇಂಥ ಕೂಗು ಯಾರದಾದರೂ ಕಿವಿಗೆ ಬಿದ್ದೇ ಬೀಳುತ್ತಿತ್ತು. ನಾವು ಏಕಾಂತದ ಜೊತೆಗೆ ಕೊಟ್ಟ ಬೆಲೆ ಇದು. ಅದನ್ನು ಪೂರ್ತಿ ಹಿಂಪಡೆಯಲಾಗದು. ಆದರೆ ಇನ್ನಷ್ಟು ಹೆಚ್ಚಿಸದೆ ಇರುವುದು ನಮ್ಮ ಕೈಯಲ್ಲಿದೆ.

ಕರೆಗೂ ರಂಜನೆಗೂ ಇರುವ ಅಂತರ ಮರೆತಾಗ ಏನಾಗುತ್ತದೆ ಎಂಬುದನ್ನು 2022ರಲ್ಲಿ ನಾವೆಲ್ಲ ಕಂಡೆವು. ‘ಕಾಂತಾರ’ ಚಿತ್ರದಲ್ಲಿ ದೈವದ ಕೂಗು ಥಿಯೇಟರಿನ ಎಲ್ಲ ದಿಕ್ಕುಗಳಿಂದ ಎದ್ದಾಗ ತುಳುನಾಡಿನ ನಮ್ಮ ಎಷ್ಟೋ ಮಂದಿಗೆ ಮೈ ನವಿರೆದ್ದಿತು. ಕೋಲದ ಅಂಗಳದಲ್ಲಿ ಆ ಕೂಗಿಗೆ ಕೈಮುಗಿದು ನಿಲ್ಲುವವರಿರುತ್ತಾರೆ, ನ್ಯಾಯಕ್ಕಾಗಿ ಕಾಯುವವರಿರುತ್ತಾರೆ, ಮಾತು ಕೊಡುವವರಿರುತ್ತಾರೆ. ಥಿಯೇಟರಿನಲ್ಲಿ ಅದು ಯಾರಿಂದಲೂ ಏನನ್ನೂ ಬೇಡಲಿಲ್ಲ. ಕೆಲವರು ಹೊರಗೆ ಬಂದು ಅದನ್ನು ಅಣಕಿಸತೊಡಗಿದರು; ಹಾಗೆ ಮಾಡಬೇಡಿ, ಅದು ನಂಬಿಕೆಯ ವಿಷಯ ಎಂದು ನಿರ್ದೇಶಕ ರಿಷಬ್ ಶೆಟ್ಟಿಯವರೇ ಕೇಳಿಕೊಳ್ಳಬೇಕಾಯಿತು. ಉತ್ತರ ಬೇಡದ ಕರೆಯನ್ನು ಮತ್ತೆ ಮತ್ತೆ ಕೇಳಿದವನಿಗೆ, ನಿಜವಾದ ಕರೆಯೂ ಒಂದು ಮೋಜಾಗಿ ಕೇಳಿಸುವ ಅಪಾಯವಿದೆ.

ಹಾಗೆಂದು ಸುತ್ತುವರಿಯುವ ನಾದವೆಲ್ಲ ಮೈಮರೆಸುವುದೇ ಎಂದು ತೀರ್ಮಾನಿಸಿದರೆ ನಮ್ಮ ಪರಂಪರೆಗೇ ಅನ್ಯಾಯವಾದೀತು. ಗಾಯಕರ ಹಿಂದೆ ಎಡಬಲಕ್ಕೆ ಎರಡು ತಂಬೂರಿಗಳು ನುಡಿಯುವುದನ್ನು ನೆನಪಿಸಿಕೊಳ್ಳಿ. ಗಂಗೂಬಾಯಿ ಹಾನಗಲ್ಲರಾಗಲಿ, ಭೀಮಸೇನ ಜೋಶಿಯವರಾಗಲಿ ಕುಳಿತದ್ದು ಆ ನಾದದ ನಡುವೆಯೇ. ಅದೂ ಆರಂಭ ಅಂತ್ಯಗಳಿಲ್ಲದ, ಮಂಜಿನಂಥ ಧ್ವನಿ. ಆದರೆ ತಂಬೂರಿ ಗಾಯಕನನ್ನು ಅಡಗಿಸುವುದಿಲ್ಲ. ಕೂದಲೆಳೆಯಷ್ಟು ಶ್ರುತಿ ತಪ್ಪಿದರೂ ಬಯಲಿಗೆಳೆಯುತ್ತದೆ. ಗಾಯಕ ಪ್ರತಿಕ್ಷಣವೂ ಅದನ್ನು ಕೇಳುತ್ತಿರಬೇಕು, ಕನ್ನಡದ ಎಲ್ಲ ಅರ್ಥಗಳಲ್ಲೂ.

ಇನ್ನು ನಮ್ಮ ವಿಜಯಪುರದ ಗೋಲಗುಮ್ಮಟ. 1656ರಲ್ಲಿ ಮುಗಿದ ಈ ಕಟ್ಟಡದ ಪಿಸುಗುಟ್ಟುವ ಗ್ಯಾಲರಿಗೆ ವಿದ್ಯುತ್ತೂ ಬೇಡ, ಸ್ಪೀಕರೂ ಬೇಡ. ಗೋಡೆಗೆ ಬಾಯಿಟ್ಟು ಮೆಲ್ಲನೆ ಆಡಿದ ಮಾತು ಗುಮ್ಮಟದ ಬಾಗನ್ನು ಹಿಡಿದು ಸಾಗಿ, ನೂರಡಿಗೂ ದೂರದ ಎದುರು ಬದಿಯಲ್ಲಿ ಕಿವಿಯಲ್ಲೇ ಹೇಳಿದಂತೆ ಕೇಳಿಸುತ್ತದೆ. ಆದರೆ ಒಂದು ಷರತ್ತು ಇದೆ. ಪ್ರವಾಸಕ್ಕೆ ಬಂದ ಶಾಲೆಯ ಮಕ್ಕಳು ಒಟ್ಟಿಗೆ ಕೂಗಿದರೆ, ಪ್ರತಿಧ್ವನಿಯ ಮೇಲೆ ಪ್ರತಿಧ್ವನಿ ಬಿದ್ದು ಯಾರ ಮಾತೂ ಯಾರಿಗೂ ತಿಳಿಯುವುದಿಲ್ಲ. ಎಲ್ಲರೂ ಸುಮ್ಮನಿದ್ದು ಒಬ್ಬರು ಪಿಸುಗುಟ್ಟಿದಾಗ ಮಾತ್ರ ಆ ಬೆರಗು ತೆರೆದುಕೊಳ್ಳುತ್ತದೆ. ಅಲ್ಲಿ ಒಂಟಿ ಸಿಂಹಾಸನವೂ ಇಲ್ಲ. ಗ್ಯಾಲರಿಯ ಈ ಬದಿಯವನು ಎಷ್ಟು ಮುಖ್ಯನೋ ಆ ಬದಿಯವನೂ ಅಷ್ಟೇ ಮುಖ್ಯ; ಇಬ್ಬರಿದ್ದರೇ ಆಟ.

ಆದ್ದರಿಂದ ಮೊದಲು ಎತ್ತಿದ ಪ್ರಶ್ನೆಗಳಿಗೆ ನಮಗೆ ತೋಚುವ ಉತ್ತರ ಇಷ್ಟು. ನಾದದಲ್ಲಿ ಮುಳುಗುವುದು ತಪ್ಪಲ್ಲ. ದಣಿದ ಜೀವಕ್ಕೆ ಅದು ಔಷಧ, ಕಿವಿಗೆ ಒಂದು ಶಿಕ್ಷಣ. ಆದರೆ ಮುಳುಗಿದವನನ್ನು ಹೊರಗಿನಿಂದ ಕರೆಯಲು ಸಾಧ್ಯವಿರಬೇಕು. ಕರೆದರೆ ಓಗೊಡಬಲ್ಲವನ ಕೇಳುವಿಕೆ ಕೇಳುವಿಕೆಯೇ, ಅವನ ಸುತ್ತ ಐದಲ್ಲ ಐವತ್ತು ಸ್ಪೀಕರುಗಳಿರಲಿ. ಓಗೊಡಲಾರದವನದು ಎಷ್ಟೇ ಒಳ್ಳೆಯ ಸಂಗೀತವಾದರೂ, ಕಿವಿಯ ಮೇಲೆ ಎಳೆದುಕೊಂಡ ಕಂಬಳಿ.

ಇದನ್ನು ನಡೆಸಲು ದೊಡ್ಡ ತ್ಯಾಗವೇನೂ ಬೇಕಿಲ್ಲ. ಮಂದ್ರದ ಸ್ಪೀಕರನ್ನು ನೆರೆಯವರ ಗೋಡೆಯಿಂದ ದೂರವಿಟ್ಟು, ಅದರ ಧ್ವನಿಯನ್ನು ಎರಡು ಮಾತ್ರೆ ತಗ್ಗಿಸಿದರೆ ಸಂಗೀತವೇನೂ ಬಡವಾಗುವುದಿಲ್ಲ. ಹೊಸ ಯಂತ್ರ ತಂದವರು ಪಕ್ಕದ ಮನೆಯವರನ್ನು ಒಂದು ಸಂಜೆ ಚಹಾಕ್ಕೆ ಕರೆದು, ತಮ್ಮ ಹಾಲ್‌ನಲ್ಲಿ ಹಾಡು ಹಾಕಿಟ್ಟು, ಅವರ ಮನೆಗೆ ಹೋಗಿ ಗೋಡೆಯ ಆಚೆಯಿಂದ ಹೇಗೆ ಕೇಳಿಸುತ್ತದೆ ಎಂದು ತಾವೇ ನೋಡಿದರೆ ಅರ್ಧ ಜಗಳ ಹುಟ್ಟುವ ಮೊದಲೇ ಮುಗಿಯುತ್ತದೆ. ನಡುವಿನ ಕುರ್ಚಿಯನ್ನು ಸರದಿಯಂತೆ ಮನೆಯವರೆಲ್ಲರಿಗೂ ಬಿಟ್ಟುಕೊಡಬೇಕು. ಕಿವಿ ಮಂದವಾದ ಅಜ್ಜನಿಗೆ ಹತ್ತಿರದ ಒಂದು ಸ್ಪೀಕರು ಕೇಳಿಸಿದರೂ ಅದು ಅವನ ಪಾಲಿನ ಸಂಗೀತ. ಮತ್ತು ಧ್ವನಿಮುದ್ರಿಕೆ ಮುಗಿದ ಮೇಲೆ ಕೂಡಲೇ ಇನ್ನೊಂದನ್ನು ಹಾಕದೆ ಐದು ನಿಮಿಷ ಸುಮ್ಮನೆ ಕೂರಬೇಕು. ಸೂಕ್ಷ್ಮವಾದ ಕಿವಿಗೆ ಆಗ ಮನೆ ಕೇಳಿಸತೊಡಗುತ್ತದೆ: ಕುಕ್ಕರಿನ ಸೀಟಿ, ಮೇಲಿನ ಮನೆಯ ಮಗುವಿನ ಓಟ, ಪಕ್ಕದ ಮನೆಯವರ ಕೆಮ್ಮು, ದೂರದಲ್ಲಿ ನಾಕಾದ ಲಾರಿಗಳು. ಪಕ್ಕದ ಮನೆಯ ಕೆಮ್ಮು ಮೂರು ದಿನದಿಂದ ಹೆಚ್ಚಾಗಿದೆ ಎಂದು ಅನ್ನಿಸಿದರೆ, ಚಪ್ಪಲಿ ಮೆಟ್ಟಿಕೊಂಡು ಹೋಗಿ ಬಾಗಿಲು ತಟ್ಟಿ ವಿಚಾರಿಸಿ ಬನ್ನಿ.